ಮೀಟರ್ ಡೇಟಾದಿಂದ ಮನೆಯ ಗುಟ್ಟು ರಟ್ಟಾಗದಂತೆ: ಟೈಮ್ ಸೀರೀಸ್ ಖಾಸಗಿತನದ ವಿಧಾನಗಳನ್ನು ಒರೆಗೆ ಹಚ್ಚುವ ಸಮಗ್ರ ಮಾರ್ಗದರ್ಶಿ

ನಿಮ್ಮ ಮನೆಯ ಕರೆಂಟ್ ಮೀಟರ್ ಮುಂದೆ ಐದು ನಿಮಿಷ ನಿಂತು ನೋಡಿ. ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ನಮ್ಮ ಮೀಟರ್ ಮೇಲೆ ಒಂದು ಯೂನಿಟ್‌ಗೆ 3,200 ಸಲ ಎಂದು ಬರೆದಿದೆ. ಫ್ರಿಜ್ ಮಾತ್ರ ಓಡುತ್ತಿದ್ದರೆ ಹತ್ತು ಹನ್ನೆರಡು ಸೆಕೆಂಡಿಗೊಮ್ಮೆ ಮಿಣುಕುತ್ತದೆ. ಎರಡು ಕಿಲೋವ್ಯಾಟ್‌ನ ಗೀಸರ್ ಹಾಕಿದ ಕೂಡಲೇ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ.

ಒಂದು ವಾರ ಆ ದೀಪದ ಮೇಲೆ ಬೆಳಕಿನ ಸೆನ್ಸರ್ ಅಂಟಿಸಿ, ಮಿಣುಕುಗಳನ್ನು ಎಣಿಸಿ ಗ್ರಾಫ್ ಹಾಕಿದ್ದೆ. ಬೆಳಗ್ಗೆ ಐದೂವರೆಗೆ ಎತ್ತರದ ಗೋಡೆ, ಅದು ಗೀಸರ್. ಆರೂಮುಕ್ಕಾಲಿಗೆ ಎರಡು ನಿಮಿಷದ ಚೂಪು ಗೆರೆ, ಅದು ಚಟ್ನಿ ರುಬ್ಬಿದ ಮಿಕ್ಸಿ. ಹತ್ತರಿಂದ ನಾಲ್ಕರವರೆಗೆ ಫ್ರಿಜ್‌ನ ಏರಿಳಿತ ಬಿಟ್ಟರೆ ಬೇರೇನೂ ಇಲ್ಲ. ಅಂದರೆ ಮನೆಯಲ್ಲಿ ಯಾರೂ ಇಲ್ಲ. ಭಾನುವಾರ ಗೀಸರ್ ಗೋಡೆ ಎರಡು ಗಂಟೆ ತಡವಾಗಿ ಎದ್ದಿತ್ತು. ಗುರುವಾರ ನಡುರಾತ್ರಿ ಎರಡಕ್ಕೆ ಒಮ್ಮೆ, ಮೂರೂವರೆಗೆ ಒಮ್ಮೆ ಕೆಟಲ್ ಓಡಿತ್ತು. ಅವತ್ತು ಮಗುವಿಗೆ ಜ್ವರ. ಆ ಗ್ರಾಫ್‌ನಲ್ಲಿ ನಮ್ಮ ಹೆಸರಿರಲಿಲ್ಲ, ವಿಳಾಸವಿರಲಿಲ್ಲ. ಆದರೂ ನಮ್ಮ ಮನೆಯ ದಿನಚರಿ ಅಷ್ಟೂ ಅದರಲ್ಲಿತ್ತು.

ಸಮಯದ ಜೊತೆ ಸಾಲಾಗಿ ಬರುವ ಇಂಥ ಡೇಟಾಗೆ ಟೈಮ್ ಸೀರೀಸ್ ಅನ್ನುತ್ತೇವೆ. ಕೈಗಡಿಯಾರದ ಹೃದಯಬಡಿತ, ಮೊಬೈಲಿನ ಲೊಕೇಶನ್, ಆಸ್ಪತ್ರೆಯ ಮಾನಿಟರ್ ಎಲ್ಲವೂ ಇದೇ ಜಾತಿ. ಇದರ ಅಪಾಯ ಹೊಸದೇನಲ್ಲ. ಒಟ್ಟು ಬಳಕೆಯನ್ನು ನೋಡಿ ಯಾವ ಉಪಕರಣ ಯಾವಾಗ ಓಡಿತು ಎಂದು ಬಿಡಿಸಿ ಹೇಳುವ ವಿಧಾನವನ್ನು 1980ರ ದಶಕದಲ್ಲೇ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಕಟ್ಟಿದರು. ಇದನ್ನು ಜನರ ಮೇಲೆ ಕಣ್ಣಿಡಲೂ ಬಳಸಬಹುದು ಎಂದು 1989ರಲ್ಲಿ ಅವರೇ ಎಚ್ಚರಿಸಿ ಬರೆದರು. 2009ರಲ್ಲಿ ನೆದರ್ಲೆಂಡ್ಸ್‌ನ ಮೇಲ್ಮನೆ ಸ್ಮಾರ್ಟ್ ಮೀಟರನ್ನು ಕಡ್ಡಾಯ ಮಾಡುವ ಮಸೂದೆಯನ್ನು ತಡೆಯಿತು. ಅದಕ್ಕೆ ಖಾಸಗಿತನದ ಆತಂಕವೇ ಮುಖ್ಯ ಕಾರಣ. 2018ರಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ, ಇಲಿನಾಯ್‌ನ ನೇಪರ್‌ವಿಲ್ ಊರಿನ ಪ್ರಕರಣದಲ್ಲಿ, 15 ನಿಮಿಷಕ್ಕೊಮ್ಮೆ ಮೀಟರ್ ಓದುವುದೂ ಮನೆಯ ಶೋಧನೆಯೇ ಎಂದಿತು. ಆ ಪ್ರಕರಣದ ಮಟ್ಟಿಗೆ ಅದು ಸಮಂಜಸ ಎಂದು ಬಿಟ್ಟಿತು, ಅದು ಬೇರೆ ಮಾತು.

ನಮ್ಮಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಕೇಂದ್ರದ ಯೋಜನೆಯ ಗುರಿ 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ಮೀಟರ್. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕು ಇದೆ. ಡೇಟಾ ಹೊರಗೆ ಕೊಡುವ ಮುಂಚೆ ಆ ಹಕ್ಕನ್ನು ಕಾಪಾಡಿದ್ದೇವಾ ಎಂದು ಲೆಕ್ಕ ಹಾಕಿ ನೋಡುವ ಕೆಲಸ ನಮ್ಮಂಥ ಡೇಟಾ ಮಂದಿಯದು.

«ಹೆಸರು ತೆಗೆದಿದ್ದೇವೆ, ಇನ್ನೇನು ತೊಂದರೆ?» ಅನ್ನುವ ಮಾತನ್ನು ತುಂಬ ಕೇಳಿದ್ದೇನೆ. «ಡಿಫರೆನ್ಶಿಯಲ್ ಪ್ರೈವಸಿ ಹಾಕಿದ್ದೇವೆ» (ಯಾರೊಬ್ಬರ ಡೇಟಾವೂ ಎದ್ದು ಕಾಣದಂತೆ ಉತ್ತರವನ್ನು ಲೆಕ್ಕ ಇಟ್ಟು ಮಸುಕು ಮಾಡುವ ವಿಧಾನ, ಹೆಜ್ಜೆ 6ರಲ್ಲಿ ನೋಡೋಣ) ಅನ್ನುವುದೂ ಈಗೀಗ ಅಷ್ಟೇ ಸಲೀಸಾಗಿ ಬಾಯಿಗೆ ಬರುತ್ತಿದೆ. ಎರಡನ್ನೂ ನಂಬಬೇಡಿ. ಕಳ್ಳನ ಜಾಗದಲ್ಲಿ ನಿಂತು ಬಾಗಿಲು ತಳ್ಳಿ ನೋಡಿದ ಮೇಲೆಯೇ ಚಿಲಕ ಗಟ್ಟಿ ಇದೆಯೋ ಇಲ್ಲವೋ ಗೊತ್ತಾಗುವುದು. ಹಾಗೆ ತಳ್ಳಿ ನೋಡುವುದು ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಬೇಕಾದ ಸಾಮಾನು

ಅಭ್ಯಾಸಕ್ಕೆ ಲಂಡನ್‌ನ ಸ್ಮಾರ್ಟ್ ಮೀಟರ್ ಡೇಟಾ ಒಳ್ಳೆಯದು. 5,567 ಮನೆಗಳು, ಅರ್ಧ ಗಂಟೆಗೊಂದು ರೀಡಿಂಗ್, 2011ರ ನವೆಂಬರ್‌ನಿಂದ 2014ರ ಫೆಬ್ರವರಿವರೆಗೆ. ಲಂಡನ್ ಆಡಳಿತದ ತಾಣದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದರಲ್ಲಿ ಸುಮಾರು 1,100 ಮನೆಗಳಿಗೆ 2013ರಲ್ಲಿ ಹೊತ್ತಿಗೆ ತಕ್ಕಂತೆ ಬದಲಾಗುವ ದರ ಇತ್ತು. ದರ ನೋಡಿಕೊಂಡು ಬಳಸಿದ ಆ ಮನೆಗಳ ವರ್ತನೆ ಬೇರೆ, ಹಾಗಾಗಿ ಮೊದಲ ಸಲ ಅವನ್ನು ಪಕ್ಕಕ್ಕಿಡಿ. ಸಲಕರಣೆ ಅಂದರೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ, ಅದರ ಲೈಬ್ರರಿಗಳಾದ ಪಾಂಡಾಸ್, ನಮ್‌ಪೈ. ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಸಿಂಥೆಟಿಕ್ ಡೇಟಾ, ಅಂದರೆ ನಿಜವಾದುದರ ಹಾಗೇ ಕಾಣುವ ಕೃತಕ ಡೇಟಾ, ಹುಟ್ಟಿಸುವ ಮಾಡೆಲ್ ಕಲಿಸುವಾಗ ಮಾತ್ರ ಜಿಪಿಯು (ಗ್ರಾಫಿಕ್ಸ್ ಚಿಪ್) ಇದ್ದರೆ ಅನುಕೂಲ.

ಹೆಜ್ಜೆ 1: ಯಾರಿಂದ, ಯಾವ ಗುಟ್ಟನ್ನು ಕಾಪಾಡಬೇಕು ಎಂದು ಬರೆದಿಡಿ

ಇದನ್ನು ಬಿಟ್ಟು ಮುಂದೆ ಹೋದರೆ ಉಳಿದ ಲೆಕ್ಕವೆಲ್ಲ ಗಾಳಿಯಲ್ಲಿ ಹೋಗುತ್ತದೆ. ಒಂದು ಹಾಳೆಯಲ್ಲಿ ಗುಟ್ಟುಗಳನ್ನು ಬರೆಯಿರಿ. ಈ ಸಾಲು ಯಾರ ಮನೆಯದು? ಮನೆಯವರು ಯಾವಾಗ ಊರಲ್ಲಿರಲಿಲ್ಲ? ಮನೆಯಲ್ಲಿ ಯಾವ ಉಪಕರಣಗಳಿವೆ, ಯಾವ ಅಭ್ಯಾಸಗಳಿವೆ? ಈ ಮನೆ ಡೇಟಾದಲ್ಲಿ ಇದೆಯೋ ಇಲ್ಲವೋ? ಕೊನೆಯದು ಸಣ್ಣದು ಅನಿಸಬಹುದು. ಆದರೆ ಡೇಟಾ «ಬಿಲ್ ಬಾಕಿ ಉಳಿಸಿಕೊಂಡ ಮನೆಗಳು» ಅಂತಿದ್ದರೆ, ಅದರಲ್ಲಿ ಇರುವುದೇ ಒಂದು ಗುಟ್ಟು.

ಆಮೇಲೆ ದಾಳಿ ಮಾಡುವವನಿಗೆ ಮೊದಲೇ ಏನು ಗೊತ್ತಿದೆ ಎಂದು ಬರೆಯಿರಿ. ಪಕ್ಕದ ಮನೆಯವರಿಗೆ ನೀವು ಯಾವ ವಾರ ಜಾತ್ರೆಗೆ ಊರಿಗೆ ಹೋಗಿದ್ದಿರಿ ಅನ್ನುವುದು ಗೊತ್ತು. ಬಿಲ್ ಪಾವತಿಸುವ ಆ್ಯಪ್ ನಡೆಸುವವರ ಹತ್ತಿರ ನಿಮ್ಮ ಹೆಸರಿನ ಎದುರು ತಿಂಗಳ ಯೂನಿಟ್ ಇದೆ. ಹನ್ನೆರಡು ತಿಂಗಳ ಯೂನಿಟ್ ಅಂದರೆ ಬಹುಪಾಲು ಮನೆಗಳಿಗೆ ಅದೇ ಬೆರಳಚ್ಚು.

ಹೆಜ್ಜೆ 2: ಡೇಟಾದ ಖಾಲಿ ಜಾಗಗಳನ್ನೂ ನೋಡಿ

ತಪ್ಪಿಹೋದ ರೀಡಿಂಗ್, ಎರಡೆರಡು ಸಲ ಬಂದ ರೀಡಿಂಗ್, ಗಡಿಯಾರದ ವ್ಯತ್ಯಾಸ ಇವೆಲ್ಲ ಮಾಮೂಲು ಸ್ವಚ್ಛತೆ. ನಮ್ಮ ದೇಶದ ಡೇಟಾದಲ್ಲಿ ಇನ್ನೊಂದಿದೆ, ಪವರ್ ಕಟ್. ಒಂದು ಫೀಡರ್‌ನ (ಬಡಾವಣೆಗೆ ಕರೆಂಟ್ ತರುವ ಲೈನ್‌ನ) ಮನೆಗಳೆಲ್ಲ ಒಂದೇ ಹೊತ್ತಿಗೆ ಸೊನ್ನೆಗೆ ಇಳಿಯುತ್ತವೆ. ಯಾವ ಬಡಾವಣೆಯಲ್ಲಿ ಯಾವತ್ತು ಕರೆಂಟ್ ಇರುವುದಿಲ್ಲ ಎಂದು ವಿದ್ಯುತ್ ಕಂಪನಿಗಳೇ ಮುಂಚಿತವಾಗಿ ಪ್ರಕಟಿಸುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮನೆ ಯಾವ ಬಡಾವಣೆಯದು ಅನ್ನುವುದು ಸಿಕ್ಕಿಬಿಡುತ್ತದೆ. ಬಳಕೆಯ ಅಂಕಿಗಳಿಗೆ ಎಷ್ಟೇ ಗದ್ದಲ (ನಾಯ್ಸ್, ಅಂದರೆ ಗುಟ್ಟು ಮರೆಸಲು ಕೂಡಿಸುವ ಗೊತ್ತುಗುರಿಯಿಲ್ಲದ ಅಂಕಿ) ಸೇರಿಸಿ, ಖಾಲಿ ಜಾಗಗಳನ್ನು ಹಾಗೇ ಬಿಟ್ಟರೆ ಈ ಬಾಗಿಲು ತೆರೆದೇ ಇರುತ್ತದೆ. ಅದಕ್ಕೇ ರೀಡಿಂಗ್ ಇದೆಯೋ ಇಲ್ಲವೋ ಅನ್ನುವುದನ್ನು ಬೇರೆ ಕಾಲಂ ಮಾಡಿ, ಅದನ್ನೂ ಪರೀಕ್ಷೆಗೆ ಸೇರಿಸಿ.

ಹೆಜ್ಜೆ 3: ಮೊದಲು ಬರೀ ಹೆಸರು ತೆಗೆದ ಡೇಟಾದ ಮೇಲೆ ದಾಳಿ ಮಾಡಿ

ಹೋಲಿಸಿ ನೋಡಲು ಒಂದು ಬುಡ ಬೇಕಲ್ವಾ? ಎರಡು ಪರೀಕ್ಷೆ ಮಾಡಿ.

ಒಂದು, ಮರುಗುರುತು. ಎಲ್ಲ ಮನೆಗಳ ಜನವರಿ ಡೇಟಾ ಹೆಸರಿನ ಸಮೇತ ದಾಳಿಗಾರನ ಕೈಲಿದೆ ಅಂದುಕೊಳ್ಳಿ. ಫೆಬ್ರವರಿಯದು ಹೆಸರಿಲ್ಲದೆ ಬಿಡುಗಡೆಯಾಗಿದೆ. ಪ್ರತಿ ಮನೆಗೂ 48 ಅರ್ಧಗಂಟೆಗಳ ಸರಾಸರಿ ತೆಗೆಯಿರಿ. ವಾರದ ದಿನ, ವಾರಾಂತ್ಯ ಬೇರೆ ಬೇರೆ ತೆಗೆದರೆ 96 ಅಂಕಿ. ಫೆಬ್ರವರಿಯ ಪ್ರತಿ ಸಾಲಿಗೂ ಜನವರಿಯಲ್ಲಿ ಅತಿ ಹತ್ತಿರದ ಸಾಲು ಯಾವುದು ಹುಡುಕಿ. ಎಷ್ಟು ಮನೆ ಸರಿಯಾಗಿ ಹೊಂದಿದವು, ಸರಿಯಾದ ಮನೆ ಮೊದಲ ಹತ್ತರಲ್ಲಿ ಎಷ್ಟು ಸಲ ಬಂತು ಎರಡನ್ನೂ ಬರೆಯಿರಿ. 5,000 ಮನೆಗಳಲ್ಲಿ ಕಣ್ಣುಮುಚ್ಚಿ ಊಹಿಸಿದರೆ ಸರಿಯಾಗುವುದು ಶೇ 0.02. ನಿಮ್ಮ ಅಂಕಿಯನ್ನು ಯಾವಾಗಲೂ ಇದರ ಪಕ್ಕದಲ್ಲಿಟ್ಟು ಓದಿ. ಶೇ 10 ಅನ್ನುವುದು ಕೇಳಲು ಸಣ್ಣದು. ಆದರೆ ಅದು ಊಹೆಗಿಂತ 500 ಪಟ್ಟು ಜಾಸ್ತಿ.

ಎರಡು, ಕೆಲವೇ ಬಿಂದುಗಳು. ಯಾವುದೋ ಮನೆಯ ನಾಲ್ಕು ರೀಡಿಂಗ್‌ಗಳನ್ನು ಸುಮ್ನೆ ಆರಿಸಿ. ಸ್ವಲ್ಪ ಹೆಚ್ಚುಕಡಿಮೆ ಬಿಟ್ಟು, ಅದೇ ನಾಲ್ಕೂ ಹೊಂದುವ ಮನೆಗಳು ಎಷ್ಟಿವೆ ಎಣಿಸಿ. ಒಂದೇ ಉಳಿದರೆ ಆ ಮನೆ ಸಿಕ್ಕಿಬಿದ್ದಂತೆ. 2013ರಲ್ಲಿ ಇವ್-ಅಲೆಕ್ಸಾಂಡರ್ ದ ಮಾಂಟ್‌ಜಾಯ್ ಮತ್ತು ಸಂಗಡಿಗರು 15 ಲಕ್ಷ ಜನರ 15 ತಿಂಗಳ ಮೊಬೈಲ್ ಡೇಟಾದಲ್ಲಿ ಇದನ್ನೇ ನೋಡಿದ್ದರು. ಎಲ್ಲಿ, ಯಾವ ಗಂಟೆಯಲ್ಲಿ ಅನ್ನುವ ನಾಲ್ಕೇ ಬಿಂದುಗಳಿಂದ ಶೇ 95 ಜನರನ್ನು ಬೇರ್ಪಡಿಸಬಹುದಿತ್ತು. ಟೈಮ್ ಸೀರೀಸ್‌ನಲ್ಲಿ ಹೆಸರಿಗಿಂತ ಸಾಲೇ ಬಲವಾದ ಗುರುತು.

ಇಲ್ಲಿ ಹೊಸಬರು ಮಾಡುವ ತಪ್ಪು ಒಂದಿದೆ. ರೀಡಿಂಗ್‌ಗಳನ್ನೆಲ್ಲ ಕಲಸಿ, ಮನಬಂದಂತೆ ಎರಡು ಪಾಲು ಮಾಡುತ್ತಾರೆ. ಆಗ ಸೋಮವಾರ ಹತ್ತು ಗಂಟೆಯದು ಒಂದು ಪಾಲಿಗೆ, ಹತ್ತೂವರೆಯದು ಇನ್ನೊಂದಕ್ಕೆ ಹೋಗುತ್ತದೆ. ಅಕ್ಕಪಕ್ಕದ ರೀಡಿಂಗ್‌ಗಳು ಒಂದೇ ಥರ ಇರುವುದರಿಂದ ಫಲಿತಾಂಶ ಕೈಕೊಡುತ್ತದೆ. ಯಾವಾಗಲೂ ಸಮಯದ ಗೆರೆ ಎಳೆದು ಪಾಲು ಮಾಡಿ, ಇಲ್ಲವೇ ಇಡೀ ಮನೆಗಳನ್ನೇ ಪಾಲು ಮಾಡಿ.

ಹೆಜ್ಜೆ 4: ಯಾವ ಯಾವ ವಿಧಾನಗಳನ್ನು ಹೋಲಿಸುತ್ತೀರಿ ಎಂದು ನಿರ್ಧರಿಸಿ

ಮುಖ್ಯವಾಗಿ ಐದು. ರೀಡಿಂಗ್‌ಗಳ ಅಂತರ ಹೆಚ್ಚಿಸುವುದು, ಅಂದರೆ ಅರ್ಧ ಗಂಟೆಯ ಬದಲು ದಿನದ ಮೊತ್ತ ಕೊಡುವುದು. ಹಲವು ಮನೆಗಳನ್ನು ಕೂಡಿಸಿ ಕೊಡುವುದು. ಪ್ರತಿ ರೀಡಿಂಗ್‌ಗೆ ಗದ್ದಲ ಸೇರಿಸುವುದು. ಲೆಕ್ಕ ಇಟ್ಟು ಡಿಫರೆನ್ಶಿಯಲ್ ಪ್ರೈವಸಿ ಮಾಡುವುದು. ನಿಜವಾದ ಡೇಟಾ ನೋಡಿ ಕಲಿತ ಮಾಡೆಲ್‌ನಿಂದ ಸಿಂಥೆಟಿಕ್ ಡೇಟಾ ಹುಟ್ಟಿಸುವುದು. ಮನೆಯಲ್ಲೇ ಬ್ಯಾಟರಿ ಇಟ್ಟು ಮೀಟರಿಗೆ ಸಮತಟ್ಟಾದ ಗೆರೆ ಕಾಣಿಸುವ ಉಪಾಯವೂ ಇದೆ. ಆದರೆ ಅದು ಬ್ಯಾಟರಿಯ ಖರ್ಚು ಹೊರುವ ಮನೆಯವರ ಕೈಲಿರುವ ಮಾತು.

ಎನ್‌ಕ್ರಿಪ್ಶನ್ ಈ ಪಟ್ಟಿಯಲ್ಲಿಲ್ಲ. ಅದು ಡೇಟಾವನ್ನು ದಾರಿಯಲ್ಲಿ ಕಾಪಾಡುತ್ತದೆ. ಪಡೆದವನು ಬೀಗ ತೆಗೆದ ಮೇಲೆ ಏನನ್ನು ನೋಡುತ್ತಾನೆ ಅನ್ನುವುದೇ ನಮ್ಮ ಪ್ರಶ್ನೆ.

ಹೆಜ್ಜೆ 5: ಗದ್ದಲವನ್ನು ಸರಾಸರಿ ಮಾಡಿ ಒರೆಸಿ ನೋಡಿ

ಟೈಮ್ ಸೀರೀಸ್‌ನ ಪರೀಕ್ಷೆ ಬೇರೆಲ್ಲ ಡೇಟಾಗಿಂತ ಬೇರೆಯಾಗುವುದು ಇಲ್ಲಿಯೇ. ನಿಧಾನವಾಗಿ ನೋಡೋಣ.

ಪ್ರತಿ ಅರ್ಧಗಂಟೆಯ ರೀಡಿಂಗ್‌ಗೆ ಲಾಪ್ಲಾಸ್ ಗದ್ದಲ (ಸೊನ್ನೆಯ ಮೇಲೂ ಕೆಳಗೂ ಸಮನಾಗಿ ಬೀಳುವ ಅಂಕಿಗಳು) ಸೇರಿಸಿದ್ದೀರಿ, ಅದರ ಹರಡುವಿಕೆಯ ಅಳತೆ 1 ಯೂನಿಟ್. ಮಾಮೂಲು ರೀಡಿಂಗ್ 0.15, 0.2 ಯೂನಿಟ್ ಇರುವಾಗ ಇದು ತುಂಬ ದೊಡ್ಡ ಗದ್ದಲ. ಒಂದು ದಿನದ ಗ್ರಾಫ್ ನೋಡಿದರೆ ಗೀಜಗನ ಗೂಡಿನ ಹಾಗೆ, ಏನೂ ತಿಳಿಯುವುದಿಲ್ಲ. ನೋಡಿದವರು «ಭದ್ರವಾಗಿದೆ» ಅಂದುಬಿಡುತ್ತಾರೆ.

ಈಗ ದಾಳಿಗಾರನ ಹಾಗೆ ಯೋಚಿಸಿ. ಈ ಮನೆಯಲ್ಲಿ ದಿನಾ ಬೆಳಗ್ಗೆ ಆರಕ್ಕೆ ಗೀಸರ್ ಓಡುತ್ತದೆ. ಎರಡು ಕಿಲೋವ್ಯಾಟ್, ಕಾಲು ಗಂಟೆ, ಅಂದರೆ 0.5 ಯೂನಿಟ್. ಗದ್ದಲ ಮಾತ್ರ ಒಂದು ದಿನ ಮೇಲೆ, ಇನ್ನೊಂದು ದಿನ ಕೆಳಗೆ. ಅಳತೆ 1 ಇದ್ದರೆ ಅದರ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗುತ್ತದೆ ಅನ್ನುವುದು, 1.41. ಒಂದು ವರ್ಷದ 365 ದಿನಗಳ ಬೆಳಗ್ಗೆ ಆರರ ರೀಡಿಂಗ್‌ಗಳ ಸರಾಸರಿ ತೆಗೆದರೆ ಗದ್ದಲ 365ರ ವರ್ಗಮೂಲದಷ್ಟು, ಅಂದರೆ ಸುಮಾರು 19 ಪಟ್ಟು ಕುಗ್ಗುತ್ತದೆ. 1.41ನ್ನು 19ರಿಂದ ಭಾಗಿಸಿದರೆ ಹೆಚ್ಚುಕಡಿಮೆ 0.07. ಅದರ ಮುಂದೆ 0.5 ಯೂನಿಟ್‌ನ ಗೀಸರ್ ಬೆಟ್ಟದ ಹಾಗೆ ಎದ್ದು ಕಾಣುತ್ತದೆ.

ಅಭ್ಯಾಸ ಬಿಡಿ, ಒಂದೇ ಸಲ ಆದ ಸಂಗತಿಯೂ ಅಡಗುವುದಿಲ್ಲ. ಮನೆಯವರು 14 ದಿನ ಊರಿಗೆ ಹೋದರು. ಆ ಅವಧಿಯಲ್ಲಿ 672 ರೀಡಿಂಗ್. ಅಷ್ಟರ ಸರಾಸರಿಯಲ್ಲಿ ಗದ್ದಲ ಸುಮಾರು 0.054ಕ್ಕೆ ಇಳಿಯುತ್ತದೆ. ಮಾಮೂಲು ಸರಾಸರಿ 0.15, ಬರೀ ಫ್ರಿಜ್ ಓಡಿದರೆ 0.03 ಅಂದುಕೊಳ್ಳಿ. ವ್ಯತ್ಯಾಸ 0.12, ಗದ್ದಲದ ಎರಡು ಪಟ್ಟಿಗಿಂತ ಜಾಸ್ತಿ. ಮನೆ ಖಾಲಿ ಇತ್ತು ಎಂದು ಊಹಿಸಲು ಅಷ್ಟು ಸಾಕು.

ಹಾಗಾಗಿ ಈ ಪರೀಕ್ಷೆಯಲ್ಲಿ ಮೂರು ಥರ ಒರೆಸಿ ನೋಡಿ. ಅಕ್ಕಪಕ್ಕದ ರೀಡಿಂಗ್‌ಗಳ ಜಾರುವ ಸರಾಸರಿ, ಅದೇ ಗಂಟೆಯ ಹಲವು ದಿನಗಳ ಸರಾಸರಿ, ಮತ್ತು ಕಾಲ್ಮನ್ ಫಿಲ್ಟರ್ ಅಥವಾ ವೇವ್ಲೆಟ್‌ನಂಥ ಗದ್ದಲ ತೆಗೆಯುವ ಸಾಧನ. ಪ್ರತಿಯೊಂದರ ನಂತರವೂ ಹೆಜ್ಜೆ 3ರ ಮರುಗುರುತಿನ ಪರೀಕ್ಷೆಯನ್ನು ಮತ್ತೆ ಓಡಿಸಿ. ಒರೆಸುವ ಮುಂಚಿನ ಅಂಕಿಯನ್ನಷ್ಟೇ ವರದಿ ಮಾಡುವುದು ನನ್ನ ಲೆಕ್ಕದಲ್ಲಿ ಪರೀಕ್ಷೆಯೇ ಅಲ್ಲ.

ಹೆಜ್ಜೆ 6: ಎಪ್ಸಿಲಾನ್ ಎಷ್ಟು ಅನ್ನುವುದಕ್ಕಿಂತ, ಯಾವುದಕ್ಕೆ ಎಂದು ಕೇಳಿ

ಡಿಫರೆನ್ಶಿಯಲ್ ಪ್ರೈವಸಿಯನ್ನು 2006ರಲ್ಲಿ ಸಿಂಥಿಯಾ ಡ್ವರ್ಕ್, ಫ್ರ್ಯಾಂಕ್ ಮ್ಯಾಕ್‌ಶೆರ್ರಿ, ಕೋಬಿ ನಿಸಿಮ್, ಆಡಮ್ ಸ್ಮಿತ್ ಮುಂದಿಟ್ಟರು. ಒಬ್ಬರ ಡೇಟಾ ಇದ್ದರೂ ಇಲ್ಲದಿದ್ದರೂ ಉತ್ತರ ಬಹುತೇಕ ಒಂದೇ ಥರ ಬರಬೇಕು ಅನ್ನುವುದು ಅದರ ಮಾತು. «ಬಹುತೇಕ» ಎಷ್ಟು ಅನ್ನುವುದಕ್ಕೆ ಎಪ್ಸಿಲಾನ್ ಅಳತೆ. ಸಣ್ಣದಿದ್ದಷ್ಟೂ ಭದ್ರ.

ಟೈಮ್ ಸೀರೀಸ್‌ನಲ್ಲಿ «ಒಬ್ಬರ ಡೇಟಾ» ಅಂದರೆ ಏನು? ಒಂದು ರೀಡಿಂಗಾ, ಒಂದು ವಾರವಾ, ಆ ಮನೆಯ ಇಡೀ ಚರಿತ್ರೆಯಾ? ಮೂರೂ ಬಳಕೆಯಲ್ಲಿವೆ. ವರದಿಯಲ್ಲಿ ಎಪ್ಸಿಲಾನ್ ಮಾತ್ರ ಇದ್ದು ಇದಕ್ಕೆ ಉತ್ತರ ಇಲ್ಲದಿದ್ದರೆ ಆ ಅಂಕಿಗೆ ಅರ್ಥವಿಲ್ಲ.

ಹಿಂದಿನ ಉದಾಹರಣೆಯನ್ನೇ ತಗೊಳ್ಳಿ. ಅರ್ಧ ಗಂಟೆಗೆ ಒಂದು ಮನೆ ಹೆಚ್ಚೆಂದರೆ 1.5 ಯೂನಿಟ್ ಎಂದು ಮಿತಿ ಹಾಕಿದ್ದೀರಿ, ಗದ್ದಲದ ಅಳತೆ 1. ಮಿತಿಯನ್ನು ಅಳತೆಯಿಂದ ಭಾಗಿಸಿದರೆ ಒಂದು ರೀಡಿಂಗ್‌ನ ಎಪ್ಸಿಲಾನ್ 1.5. ಕೇಳಲು ಚೆನ್ನಾಗಿದೆ. ವರ್ಷಕ್ಕೆ ರೀಡಿಂಗ್‌ಗಳು 17,520. ಸರಳವಾಗಿ ಕೂಡಿಸಿದರೆ ಇಡೀ ಮನೆಗೆ ಎಪ್ಸಿಲಾನ್ 26,280. ಇದು ರಕ್ಷಣೆಯೇ ಅಲ್ಲ. ಗೀಸರ್ ಯಾಕೆ ಸಿಕ್ಕಿಬಿತ್ತು ಅನ್ನುವುದು ಈ ಅಂಕಿ ನೋಡಿದರೆ ಅರ್ಥವಾಗುತ್ತದೆ.

ಈಗ ಉಲ್ಟಾ ಹೋಗೋಣ. ಒಂದು ಮನೆಯ ಒಂದು ದಿನಕ್ಕೆ ಒಟ್ಟು ಎಪ್ಸಿಲಾನ್ 1 ಇರಲಿ. 48 ರೀಡಿಂಗ್‌ಗೆ ಹಂಚಿದರೆ ಗದ್ದಲದ ಅಳತೆ 1.5 ಗುಣಿಸು 48, ಅಂದರೆ 72 ಯೂನಿಟ್. ಒಂದೇ ಮನೆಯ 0.2 ಯೂನಿಟ್‌ಗೆ ಇದನ್ನು ಸೇರಿಸುವುದು ವ್ಯರ್ಥ. ಆದರೆ 5,000 ಮನೆಗಳ ಮೊತ್ತಕ್ಕೆ ಸೇರಿಸಿ ನೋಡಿ. ಮೊತ್ತ 1,000 ಯೂನಿಟ್, ಗದ್ದಲದ ಸ್ಟ್ಯಾಂಡರ್ಡ್ ಡೀವಿಯೇಶನ್ ಸುಮಾರು 102. ಶೇ 10 ತಪ್ಪು, ಕೆಲವು ಕೆಲಸಕ್ಕೆ ಆಗಬಹುದು. 50 ಮನೆಗಳ ಒಂದು ಟ್ರಾನ್ಸ್‌ಫಾರ್ಮರ್‌ಗೆ ಮೊತ್ತ ಬರೀ 10 ಯೂನಿಟ್, ಅಲ್ಲಿಗೆ 102ರ ಗದ್ದಲ ಆಗುವುದೇ ಇಲ್ಲ. ಅದೇ 50 ಮನೆಗಳ ದಿನದ ಮೊತ್ತ ಸಾಕು ಅಂದರೆ? ಮನೆಗೆ ದಿನಕ್ಕೆ 20 ಯೂನಿಟ್ ಮಿತಿ, ಗದ್ದಲ ಸುಮಾರು 28, ಮೊತ್ತ 480. ಶೇ 6 ತಪ್ಪು. ಕೆಲಸ ನಡೆಯುತ್ತದೆ. ಎಪ್ಸಿಲಾನ್ ಎರಡೂ ಕಡೆ 1 ಇದ್ದರೂ, ಕೇಳುವ ಪ್ರಶ್ನೆ ಬದಲಾದ ಕೂಡಲೇ ಫಲಿತಾಂಶ ಹೀಗೆ ಬದಲಾಗುತ್ತದೆ.

ಸಮನಾಗಿ ಹಂಚುವುದೊಂದೇ ದಾರಿಯಲ್ಲ. 2010ರಲ್ಲಿ ವಿಭೋರ್ ರಸ್ತೋಗಿ ಮತ್ತು ಸುಮನ್ ನಾಥ್, ಸಾಲನ್ನು ಫೂರಿಯೆ ರೂಪಕ್ಕೆ (ಬೇರೆ ಬೇರೆ ವೇಗದ ಅಲೆಗಳ ಮೊತ್ತಕ್ಕೆ) ತಿರುಗಿಸಿ ಕೆಲವೇ ಗುಣಾಂಕಗಳಿಗೆ ಗದ್ದಲ ಸೇರಿಸುವ ವಿಧಾನ ತೋರಿಸಿದರು. ದಿನದಿಂದ ದಿನಕ್ಕೆ ಬೆಳೆಯುವ ಮೊತ್ತಕ್ಕೆ ಮರದ ಆಕಾರದಲ್ಲಿ ಲೆಕ್ಕ ಇಡುವ ವಿಧಾನವೂ ಅದೇ ಹೊತ್ತಿಗೆ ಬಂತು. ಹೋಲಿಸುವಾಗ ಇವನ್ನೂ ಸೇರಿಸಿ. ಎಲ್ಲಕ್ಕೂ «ಒಬ್ಬರ ಡೇಟಾ» ಅಂದರೆ ಏನು ಅನ್ನುವುದು ಒಂದೇ ಇರಲಿ. ಇಲ್ಲದಿದ್ದರೆ ಸೇರಿನ ಅಳತೆಯನ್ನು ಮಾರಿನ ಅಳತೆಗೆ ಹೋಲಿಸಿದಂತೆ.

ಕಾಗದದ ಮೇಲಿನ ಎಪ್ಸಿಲಾನ್ ಕೋಡ್‌ನಲ್ಲೂ ಇದೆಯಾ ಎಂದು ನೋಡಲು ಒಂದು ಒಳ್ಳೆಯ ಉಪಾಯವಿದೆ. ಒಂದು ಮನೆ ಸೇರಿಸಿ ಸಾವಿರಾರು ಸಲ, ಬಿಟ್ಟು ಸಾವಿರಾರು ಸಲ ಓಡಿಸಿ. ಪ್ರತಿ ಸಲವೂ ಮನೆ ಇದೆಯೋ ಇಲ್ಲವೋ ದಾಳಿಗಾರ ಊಹಿಸಲಿ. ಸರಿಯಾಗಿ ಹಿಡಿದದ್ದು ಶೇ 10, ಮನೆ ಇಲ್ಲದಾಗಲೂ ಇದೆ ಎಂದು ತಪ್ಪಾಗಿ ಕೂಗಿದ್ದು ಶೇ 0.1 ಅಂದುಕೊಳ್ಳಿ. ಅನುಪಾತ 100. ಶುದ್ಧ ಡಿಫರೆನ್ಶಿಯಲ್ ಪ್ರೈವಸಿಯಲ್ಲಿ ಈ ಅನುಪಾತ «ಇ»ಯ (ಸುಮಾರು 2.718 ಅನ್ನುವ ಗಣಿತದ ಸಂಖ್ಯೆಯ) ಎಪ್ಸಿಲಾನ್ ಘಾತವನ್ನು ದಾಟುವಂತಿಲ್ಲ. 100ರ ನೈಸರ್ಗಿಕ ಲಾಗರಿದಮ್ 4.6. ಅಂದರೆ ನಿಜವಾದ ಎಪ್ಸಿಲಾನ್ 4.6ಕ್ಕಿಂತ ಕಡಿಮೆ ಇರಲಾರದು. ಕಾಗದದಲ್ಲಿ 1 ಎಂದಿದ್ದರೆ ಎಲ್ಲೋ ತಪ್ಪಾಗಿದೆ. ನನ್ನ ಅನುಭವದಲ್ಲಿ ಆ ತಪ್ಪು ಹೆಚ್ಚಾಗಿ ಮಿತಿ ಹಾಕುವ ಜಾಗದಲ್ಲಿರುತ್ತದೆ. 1.5 ಅನ್ನುವ ಮಿತಿಯನ್ನು ಮೊದಲೇ ಇಡುವ ಬದಲು, ಡೇಟಾದಲ್ಲೇ ಗರಿಷ್ಠ ಎಷ್ಟಿದೆ ನೋಡಿ ಇಟ್ಟಿರುತ್ತಾರೆ. ಆ ಗರಿಷ್ಠವೇ ಯಾವುದೋ ಒಂದು ಮನೆಯ ಗುಟ್ಟು.

ಹೆಜ್ಜೆ 7: ಕೂಡಿಸಿದ ಡೇಟಾವನ್ನು ಕಳೆದು ನೋಡಿ

ಹಲವು ಮನೆಗಳ ಮೊತ್ತ ಕೊಟ್ಟರೆ ಸುರಕ್ಷಿತ ಅನ್ನುವ ನಂಬಿಕೆ ಇದೆ. ಕ್ಯಾಲಿಫೋರ್ನಿಯಾ, ಕೊಲರಾಡೊ ಕಡೆ 15/15 ಅನ್ನುವ ನಿಯಮ ಬಳಸಿದ್ದಾರೆ. ಗುಂಪಿನಲ್ಲಿ ಕನಿಷ್ಠ 15 ಗ್ರಾಹಕರಿರಬೇಕು, ಯಾರೊಬ್ಬರ ಪಾಲೂ ಶೇ 15 ದಾಟಬಾರದು. ಒಳ್ಳೆಯ ಆರಂಭ, ಆದರೆ ಸಾಲದು. ಈ ತಿಂಗಳ ಗುಂಪಿನಲ್ಲಿ 20 ಮನೆ, ಮುಂದಿನ ತಿಂಗಳ ಪರಿಷ್ಕೃತ ಪಟ್ಟಿಯಲ್ಲಿ ಅದೇ ದಿನಕ್ಕೆ 19 ಮನೆ. ಒಂದರಿಂದ ಇನ್ನೊಂದನ್ನು ಕಳೆದರೆ ಬಿಟ್ಟುಹೋದ ಮನೆಯ ಇಡೀ ದಿನ ಬಿಡಿಬಿಡಿಯಾಗಿ ಸಿಗುತ್ತದೆ. ಎರಡೂ ಸಲ ನಿಯಮ ಪಾಲನೆಯಾಗಿತ್ತು.

ನೀವು ಕೊಡುವ ಎಲ್ಲ ಮೊತ್ತಗಳನ್ನೂ ಒಂದು ಕಡೆ ಬರೆದು, ಯಾವ ಎರಡರ ವ್ಯತ್ಯಾಸ ಒಂದು ಮನೆಗೆ ಇಳಿಯುತ್ತದೆ ಎಂದು ಕೋಡ್ ಬರೆದು ಹುಡುಕಿ. ಮಲೆನಾಡಿನ ಒಂಟಿಮನೆಗಳನ್ನು ಮರೆಯಬೇಡಿ. ತೋಟದ ನಡುವಿನ ಟ್ರಾನ್ಸ್‌ಫಾರ್ಮರ್‌ಗೆ ಎರಡೇ ಮನೆ ಇದ್ದರೆ, ಟ್ರಾನ್ಸ್‌ಫಾರ್ಮರ್ ಮಟ್ಟದ ಡೇಟಾ ಅಂದರೆ ಮನೆಯದೇ ಡೇಟಾ. ಎರಡನೇ ಮನೆಯವರಿಗೆ ಸ್ವಂತ ರೀಡಿಂಗ್ ಗೊತ್ತಿರುವುದರಿಂದ ಅವರಿಗೆ ಕಳೆಯುವುದೂ ಸುಲಭ.

ಹೆಜ್ಜೆ 8: ಸಿಂಥೆಟಿಕ್ ಡೇಟಾ ಬಾಯಿಪಾಠ ಒಪ್ಪಿಸುತ್ತಿದೆಯಾ ನೋಡಿ

2019ರಲ್ಲಿ ಬಂದ ಟೈಮ್‌ಗ್ಯಾನ್‌ನಂಥ ಮಾಡೆಲ್‌ಗಳು ನಿಜವಾದ ಸಾಲುಗಳನ್ನು ನೋಡಿ ಅದೇ ಥರದ ಹೊಸ ಸಾಲು ಹುಟ್ಟಿಸುತ್ತವೆ. ಹುಟ್ಟಿದ ಸಾಲು ಯಾರದ್ದೂ ಅಲ್ಲ ಅನಿಸುತ್ತದೆ. ಆದರೆ ಮಾಡೆಲ್ ಕೆಲವು ಮನೆಗಳನ್ನು ಉರು ಹೊಡೆದಿರಬಹುದು.

ಮನೆಗಳನ್ನು ಸರಿಯಾಗಿ ಅರ್ಧ ಮಾಡಿ. ಒಂದರ್ಧ ಕಲಿಕೆಗೆ, ಇನ್ನೊಂದರ್ಧ ಹೊರಗೆ. ಎರಡೂ ಗುಂಪಿನ ಪ್ರತಿ ಮನೆಗೂ ಅತಿ ಹತ್ತಿರದ ಸಿಂಥೆಟಿಕ್ ಸಾಲು ಎಷ್ಟು ದೂರದಲ್ಲಿದೆ ಅಳೆಯಿರಿ. ಕಲಿಕೆಯ ಮನೆಗಳಿಗೆ ಸಿಂಥೆಟಿಕ್ ಸಾಲು ಹೆಚ್ಚು ಹತ್ತಿರ ಇದ್ದರೆ ಉರು ಹೊಡೆದಿದೆ ಎಂದರ್ಥ. ಆದರೆ ದೂರ ಸಮ ಬಂತು ಎಂದು ನಿಲ್ಲಿಸಬೇಡಿ. ಸರಾಸರಿ ದೂರ ಒಳ್ಳೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಮನೆ ಕಲಿಕೆಯಲ್ಲಿ ಇತ್ತೋ ಇಲ್ಲವೋ ಊಹಿಸುವ ದಾಳಿಯನ್ನೇ ಓಡಿಸಿ. ತಪ್ಪು ಕೂಗು ಶೇ 0.1ರಷ್ಟು ಕಡಿಮೆ ಇರುವಾಗ ಎಷ್ಟು ಮನೆ ಸಿಕ್ಕಿಬಿದ್ದವು ಎಂದು ನೋಡಿ. ಒಟ್ಟಾರೆ ನಿಖರತೆ ಶೇ 51 ಇದ್ದರೂ, ಆ ಒಂದು ಶೇಕಡಾದ ಹಿಂದೆ ಖಚಿತವಾಗಿ ಬಯಲಾದ ಹತ್ತಾರು ಮನೆಗಳಿರಬಹುದು.

ಆ ಮನೆಗಳು ಯಾವುವು ಎಂದು ತೆಗೆದು ನೋಡಿ. ಸಾಮಾನ್ಯವಾಗಿ ಅವು ಎಲ್ಲರ ಹಾಗೆ ಇಲ್ಲದ ಮನೆಗಳು. ರಾತ್ರಿ ಕಾರ್ ಚಾರ್ಜ್ ಮಾಡುವ ಮನೆ. ರಾತ್ರಿ ಪಾಳಿಯ ಮನೆ. ಆಕ್ಸಿಜನ್ ಕಾನ್ಸಂಟ್ರೇಟರ್ ಹಗಲೂ ರಾತ್ರಿ ಓಡುತ್ತಿರುವ ಮನೆ. ಕೊನೆಯ ಮನೆಯ ಗ್ರಾಫ್ ಯಾವತ್ತೂ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಅಲ್ಲಿ ಯಾರೋ ಉಸಿರಾಟಕ್ಕೆ ಕಷ್ಟಪಡುತ್ತಿದ್ದಾರೆ ಎಂದು ಡೇಟಾ ಹೇಳಿಬಿಡುತ್ತದೆ. ಯಾರನ್ನು ಕಾಪಾಡುವುದು ಅತ್ಯಂತ ಮುಖ್ಯವೋ ಅವರೇ ಮೊದಲು ಸಿಕ್ಕಿಬೀಳುತ್ತಾರೆ. ಇದಕ್ಕೇ ಪ್ರತಿ ಪರೀಕ್ಷೆಯಲ್ಲೂ ಸರಾಸರಿಯ ಪಕ್ಕದಲ್ಲಿ ಅತಿ ಕೆಟ್ಟ ಶೇ 1 ಮನೆಗಳ ಅಂಕಿಯನ್ನೂ ಬರೆಯಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಹೆಜ್ಜೆ 9: ಡೇಟಾ ಇನ್ನೂ ಕೆಲಸಕ್ಕೆ ಬರುತ್ತದಾ?

ಎಲ್ಲವನ್ನೂ ಮುಚ್ಚಿಟ್ಟರೆ ಭದ್ರವೇ. ಆದರೆ ಟ್ರಾನ್ಸ್‌ಫಾರ್ಮರ್ ಸುಡುವ ಮುಂಚೆ ತಿಳಿಯಬೇಕು, ನಾಳೆ ಎಷ್ಟು ಕರೆಂಟ್ ಬೇಕು ಎಂದು ಅಂದಾಜಿಸಬೇಕು. ಡೇಟಾ ಕೇಳಿದವರ ಹತ್ತಿರ ಕೂತು ಎರಡು ಮೂರು ನಿಜವಾದ ಕೆಲಸ ಆರಿಸಿ. ಉದಾಹರಣೆಗೆ, ಅತಿ ಹೆಚ್ಚು ಬಳಕೆ ಯಾವ ಹೊತ್ತಿಗೆ, ಎಷ್ಟು? ನಾಳೆಯ ಅಂದಾಜು ಎಷ್ಟು ಸರಿ? ಅಂದಾಜಿನ ಮಾಡೆಲನ್ನು ರಕ್ಷಿತ ಡೇಟಾದ ಮೇಲೆ ಕಲಿಸಿ, ನಿಜವಾದ ಡೇಟಾದ ಮೇಲೆ ಪರೀಕ್ಷಿಸಿ.

ಶೇಕಡಾವಾರು ತಪ್ಪನ್ನು ಅಳತೆ ಮಾಡಬೇಡಿ. ರೀಡಿಂಗ್ ಸೊನ್ನೆಗೆ ಹತ್ತಿರ ಇದ್ದಾಗ ಅದು ಸಿಡಿದುಹೋಗುತ್ತದೆ. ಯೂನಿಟ್‌ನಲ್ಲೇ ಸರಾಸರಿ ತಪ್ಪನ್ನು ಬರೆಯಿರಿ. ಗೀಸರ್ ಗೋಡೆ ಅರ್ಧ ಗಂಟೆ ಸರಿದರೆ ಆ ಅಳತೆ ಎರಡು ಸಲ ದಂಡ ಹಾಕುತ್ತದೆ. ಹಾಗಾಗಿ ಆಕಾರ ಮುಖ್ಯವಾದ ಕೆಲಸಕ್ಕೆ ಡೈನಮಿಕ್ ಟೈಮ್ ವಾರ್ಪಿಂಗ್ ದೂರವನ್ನೂ (ಸಮಯ ಸ್ವಲ್ಪ ಆಚೀಚೆ ಸರಿದರೂ ಆಕಾರಗಳನ್ನು ಹೋಲಿಸುವ ಅಳತೆ) ಜೊತೆಗಿಡಿ.

ಒಂದು ಹಳ್ಳದ ಬಗ್ಗೆ ಹೇಳಲೇಬೇಕು. ಗದ್ದಲ ಸೇರಿಸಿದಾಗ ಕೆಲವು ರೀಡಿಂಗ್ ಮೈನಸ್ ಆಗುತ್ತವೆ. ನೋಡಲು ಚೆನ್ನಾಗಿಲ್ಲ ಎಂದು ಅವನ್ನೆಲ್ಲ ಸೊನ್ನೆ ಮಾಡಿಬಿಡುತ್ತಾರೆ. ಖಾಸಗಿತನಕ್ಕೆ ಇದರಿಂದ ತೊಂದರೆ ಇಲ್ಲ. ಆದರೆ ಕೆಳಗಿನ ಗದ್ದಲ ಕತ್ತರಿಸಿ ಮೇಲಿನದನ್ನು ಮಾತ್ರ ಉಳಿಸಿದಂತಾಯಿತು. 0.15ರ ರೀಡಿಂಗ್‌ಗೆ ಅಳತೆ 1ರ ಗದ್ದಲ ಹಾಕಿ ಹೀಗೆ ಕತ್ತರಿಸಿದರೆ ಸರಾಸರಿ ಸುಮಾರು 0.58ಕ್ಕೆ ಏರುತ್ತದೆ. ಹೆಚ್ಚುಕಡಿಮೆ ನಾಲ್ಕು ಪಟ್ಟು. ಇಡೀ ಊರಿನ ಬೇಡಿಕೆಯನ್ನು ಆ ಡೇಟಾದಿಂದ ಲೆಕ್ಕ ಹಾಕಿದರೆ ಏನಾಗುತ್ತದೆ ಯೋಚಿಸಿ. ಮೊತ್ತ ತೆಗೆಯುವುದಿದ್ದರೆ ಮೈನಸ್‌ಗಳನ್ನು ಹಾಗೇ ಬಿಡಿ.

ಹೆಜ್ಜೆ 10: ಎರಡನ್ನೂ ಒಂದೇ ಹಾಳೆಯಲ್ಲಿಟ್ಟು ತೀರ್ಮಾನಿಸಿ

ಅಡ್ಡಗೆರೆಯಲ್ಲಿ ಅತಿ ಬಲವಾದ ದಾಳಿಗೆ ಸಿಕ್ಕಿದ ಮನೆಗಳ ಪಾಲು, ನೆಟ್ಟಗೆರೆಯಲ್ಲಿ ಕೆಲಸದ ತಪ್ಪು. ಪ್ರತಿ ವಿಧಾನವನ್ನೂ ಹಲವು ಮಟ್ಟಗಳಲ್ಲಿ ಓಡಿಸಿ ಬಿಂದು ಹಾಕಿ. ಗದ್ದಲ ಪ್ರತಿ ಸಲ ಬೇರೆ ಬರುವುದರಿಂದ ಕನಿಷ್ಠ 20 ಸಲ ಓಡಿಸಿ, ಏರಿಳಿತವನ್ನೂ ತೋರಿಸಿ. ಎರಡೂ ಗೆರೆಯಲ್ಲಿ ಬೇರೊಂದಕ್ಕಿಂತ ಕೆಟ್ಟದಾಗಿರುವ ವಿಧಾನವನ್ನು ತೆಗೆದುಹಾಕಿ. ಉಳಿದವುಗಳಲ್ಲಿ ಯಾವುದು ಅನ್ನುವುದು ಬರೀ ಗಣಿತದ ಪ್ರಶ್ನೆಯಲ್ಲ. ಡೇಟಾ ಯಾರದೋ ಅವರ ಪರವಾಗಿ ಮಾತಾಡುವ ಒಬ್ಬರು ಆ ಕೋಣೆಯಲ್ಲಿರಲಿ.

ನನ್ನ ಒಲವು ಹೇಳಿಬಿಡುತ್ತೇನೆ. ಹೊರಗಿನವರಿಗೆ ಮನೆಮನೆಯ ಅರ್ಧಗಂಟೆ ಸಾಲು ಕೊಡಲೇಬೇಡಿ, ಗದ್ದಲ ಸೇರಿಸಿ ಕೂಡ. ಕೇಳಿದ ಪ್ರಶ್ನೆಗೆ ಬೇಕಾದಷ್ಟು ಮೊತ್ತವನ್ನು, ಮನೆಯ ಮಟ್ಟದಲ್ಲಿ ಲೆಕ್ಕ ಇಟ್ಟ ಡಿಫರೆನ್ಶಿಯಲ್ ಪ್ರೈವಸಿಯ ಜೊತೆ ಕೊಡಿ. ಪ್ರತಿ ಬಿಡುಗಡೆಗೂ ಎಷ್ಟು ಎಪ್ಸಿಲಾನ್ ಖರ್ಚಾಯಿತು ಎಂದು ಬ್ಯಾಂಕ್ ಪಾಸ್‌ಬುಕ್ ಹಾಗೆ ಬರೆಯುತ್ತಾ ಹೋಗಿ. ಹೊಸ ತಿಂಗಳ ಡೇಟಾ ಸೇರಿದಾಗಲೆಲ್ಲ ಹೆಜ್ಜೆ 5 ಮತ್ತು 7ನ್ನು ಮತ್ತೆ ಓಡಿಸಿ. ಹೋದ ತಿಂಗಳು ಅಡಗಿದ್ದ ಗೀಸರ್ ಈ ತಿಂಗಳ ಸರಾಸರಿಯಲ್ಲಿ ತಲೆ ಎತ್ತಬಹುದು.

ಬಿಡುಗಡೆಗೆ ಮುಂಚೆ ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ. ನಮ್ಮ ಸ್ವಂತ ಮನೆಯ ಮೂರು ತಿಂಗಳ ರೀಡಿಂಗನ್ನು ಅದೇ ವಿಧಾನದಲ್ಲಿ ಹಾಯಿಸಿ, ಬಂದ ಗ್ರಾಫನ್ನು ಪ್ರಿಂಟ್ ತೆಗೆದು ಮನೆಯವರ ಕೈಗೆ ಕೊಡುತ್ತೇನೆ. «ನಾವು ಊರಿಗೆ ಹೋಗಿದ್ದ ವಾರ ಯಾವುದು, ತೋರಿಸು» ಅನ್ನುತ್ತೇನೆ. ಬೆರಳು ಸರಿಯಾದ ಜಾಗದಲ್ಲಿ ನಿಂತರೆ ಫೈಲ್ ಹೊರಗೆ ಹೋಗುವುದಿಲ್ಲ, ಮತ್ತೆ ಹೆಜ್ಜೆ 5ರಿಂದ ಶುರು.